ತಾಮ್ರಪಟದ ನೀರೆ

ತಾಮ್ರದ ತಗಡಿನಲ್ಲಿ ಕೆತ್ತಿ, ಗೆರೆಗಳಿಗೆ ಮಸಿ ತುಂಬಿ, ಕಾಗದಕ್ಕೆ ಒತ್ತಿದರೆ ಚಿತ್ರವು ಎಡಬಲ ತಿರುಗಿ ಮೂಡುತ್ತದೆ. ಈ ಪುಟ್ಟ ಸತ್ಯವನ್ನು ವೆಂಕಟಾಚಲಯ್ಯನವರು ಮೂರು ತಿಂಗಳ ಕಾಲ ಬಹು ಶ್ರದ್ಧೆಯಿಂದ ಮರೆತಿದ್ದರು.

ಗುಜರಾತಿನ ವಡೋದರಾದ ಗೋರ್ವಾ ಬಡಾವಣೆಯಲ್ಲಿ ವಿಮಾ ಅಧಿಕಾರಿಯೂ ಹವ್ಯಾಸದಿಂದ ಕೆತ್ತನೆಗಾರರೂ ಆದ ಅವರು ಹುಟ್ಟಿದ್ದೇ ಅಲ್ಲಿನ ರೈಲ್ವೆ ಕ್ವಾರ್ಟರ್ಸಿನಲ್ಲಿ. "ಕನ್ನಡದ ಹಳ್ಳಿ ಕಾಣದವರು ಅದನ್ನು ಕೆತ್ತೋದುಂಟೇ?" ಎಂದು ಕನ್ನಡ ಸಂಘದವರು ನಕ್ಕಿದ್ದರು. ಸಂಘದ ಹೊಸ ಭವನಕ್ಕೆ ಅಚ್ಚ ಕನ್ನಡ ಹಳ್ಳಿಯನ್ನೇ ಕೆತ್ತಿಕೊಡುವೆನೆಂದು ಇವರು ಪಣ ತೊಟ್ಟಿದ್ದರು. ಕೊನೆಗೆ ಅನಾವರಣದ ದಿನ ಬಂತು; ಸಮಾರಂಭ ಸಂಜೆ ಐದಕ್ಕೆ.

ಅವರ ಹಳ್ಳಿಯೋ ಕೃತಯುಗದ್ದು. ಹಸುವಿಗೆ ಸಗಣಿಯಿಲ್ಲ, ದಾರಿಗೆ ಧೂಳಿಲ್ಲ. ನೇಗಿಲು ಹಿಡಿದವನ ಪಂಚೆ ಮದುವಣಿಗನ ಮಡಿಯನ್ನು ನಾಚಿಸುವಂತಿತ್ತು. ನಡುವೆ ತುಂಬಿದ ಕೊಡ ಹೊತ್ತ ನೀರೆ.

ಅಂದು ಬೆಳಗ್ಗೆ ಮೊದಲ ಪ್ರತಿ ಒತ್ತಿ ತೆಗೆದು ಮಡದಿಗೆ ತೋರಿಸಿದರು.

"ಚೆನ್ನಾಗಿದೆ ರೀ," ಎಂದರು ಹೇಮಲತಾ. "ಆದ್ರೆ ಇವಳು ಇಲ್ಲಿಯವಳಲ್ವೇ? ನಾವು ಸೆರಗು ಎಡ ಹೆಗಲಿಗೆ ಹಾಕ್ತೀವಿ. ಇವಳದು ಗುಜರಾತಿನವರ ಹಾಗೆ ಬಲಕ್ಕಿದೆ."

ವೆಂಕಟಾಚಲಯ್ಯನವರು ತಾಮ್ರವನ್ನು ನೋಡಿದರು, ಕಾಗದವನ್ನು ನೋಡಿದರು. ಆದರೂ ಧೃತಿಗೆಡಲಿಲ್ಲ. "ನಮ್ಮ ಆಫೀಸಲ್ಲಿ ಎಂಥೆಂಥವರನ್ನೋ ಟ್ರಾನ್ಸ್‌ಫರ್ ಮಾಡ್ತಾರೆ. ಒಂದು ಸೆರಗನ್ನ ಮಾಡೋಕಾಗಲ್ವೇ?"

ಎಡ ಹೆಗಲ ಗೆರೆಗಳನ್ನು ಹೆರೆದು, ಉಜ್ಜಿ, ಬಲ ಹೆಗಲಲ್ಲಿ ಹೊಸದಾಗಿ ಕೆತ್ತತೊಡಗಿದರು. ಆ ಕರ್ಕಶ ಸದ್ದಿಗೆ ಪಕ್ಕದ ಮನೆಯ ಅಜಯ್‌ಭಾಯಿ ಓಡಿಬಂದ. ಲೋಹಕ್ಕೆ ಪಾಲಿಶ್ ಹಾಕುವ ಕಾರ್ಖಾನೆ ಅವನದು.

"ಸಾಹೇಬ್, ಸುಬಹ್ ಸೇ ಮೇರೇ ದಾಂತ್ ಹಿಲ್ ರಹೇ ಹೈಂ!" ಬೆಳಗಿನಿಂದ ಅವನ ಹಲ್ಲೆಲ್ಲ ಅಲುಗಾಡುತ್ತಿದ್ದವಂತೆ.

"ಮೂರು ಗಂಟೆವರೆಗೆ ತಡ್ಕೋ, ಭಾಯಿ. ಕನ್ನಡದ ಮಾನದ ಪ್ರಶ್ನೆ."

ಮೂರಕ್ಕೆ ಎರಡನೆಯ ಪ್ರತಿ ಬಂತು. ಸೆರಗು ಎಡ ಹೆಗಲಲ್ಲಿ ವಿರಾಜಿಸಿತ್ತು. ಕಾಗದಕ್ಕೆ ಚೌಕಟ್ಟು ಹಾಕಿದ್ದಾಯಿತು. ಕೆತ್ತನೆಯ ಕ್ರಮವನ್ನು ಸಭಿಕರಿಗೆ ವಿವರಿಸಲೆಂದು ತಾಮ್ರವನ್ನೂ ಎತ್ತಿಕೊಂಡರು.

"ಐಸೀ ಕಾಲೀ ಪ್ಲೇಟ್ ಲೇಕೇ ಜಾಯೇಂಗೇ? ಆಪೋ, ಆಪೋ!" ಮಸಿ ಹಿಡಿದ ತಗಡನ್ನು ಹೀಗೇ ಒಯ್ಯುವುದೇ, ಕೊಡಿ ಎಂದು ಅಜಯ್‌ಭಾಯಿ ಅದನ್ನು ಕಸಿದುಕೊಂಡು ಹೋದ. ಅರ್ಧ ಗಂಟೆಯಲ್ಲಿ ಅದು ದೇವಾಲಯದ ಕಳಶದಂತೆ ಥಳಥಳಿಸುತ್ತ ಬಂತು. ಉಪಕಾರಕ್ಕೆ ಪ್ರತಿಯಾಗಿ ಅವನನ್ನೂ ಸಭೆಗೆ ಕರೆದೊಯ್ದರು.

ಭವನದ ಬಾಗಿಲಲ್ಲೇ ಸಂಘದ ಅಧ್ಯಕ್ಷೆ ನಾಗವೇಣಿ ಎರಡನ್ನೂ ಇಸಿದುಕೊಂಡರು. "ನೀವು ಆರಾಮಾಗಿ ಕೂತ್ಕೊಳ್ಳಿ ಸಾರ್. ಮಿಕ್ಕಿದ್ದು ನಮಗೆ ಬಿಡಿ."

ವೆಂಕಟಾಚಲಯ್ಯನವರು ದಿಗ್ವಿಜಯ ಮುಗಿಸಿದ ಚಕ್ರವರ್ತಿಯಂತೆ ಮುಂದಿನ ಸಾಲಿನಲ್ಲಿ ಆಸೀನರಾದರು. ಪ್ರಾರ್ಥನೆ ಮುಗಿಯಿತು, ಪರದೆ ಸರಿಯಿತು.

ಗೋಡೆಯ ಮೇಲೆ ಕಾಗದವಿರಲಿಲ್ಲ.

"ಕಾಗದಕ್ಕೆ ಗೆದ್ದಲು ಹಿಡಿಯುತ್ತೆ," ಎಂದರು ನಾಗವೇಣಿ ಮೈಕಿನಲ್ಲಿ, "ತಾಮ್ರ ಆಚಂದ್ರಾರ್ಕ! ಈ ಹೊಳಪು ನೋಡಿ ತಾಮ್ರವನ್ನೇ ಗೋಡೆಗೆ ಜಡಿಸಿಬಿಟ್ಟೆವು. ನಾಲ್ಕು ಬೋಲ್ಟು, ಮೇಲೆ ಸಿಮೆಂಟು!"

ಬೆಳಗಿನಿಂದ ಬೆವರಿಳಿಸಿ ವರ್ಗ ಮಾಡಿದ್ದ ಸೆರಗು ನೀರೆಯ ಬಲ ಹೆಗಲಿನಲ್ಲಿ ಝಗಝಗಿಸುತ್ತಿತ್ತು. ಕೈಯಿಡದೆ ಬಿಟ್ಟಿದ್ದರೆ ಎಡದಲ್ಲೇ ಇರುತ್ತಿತ್ತು.

ಹಿರಿಯರಾದ ಸಿದ್ದಲಿಂಗಪ್ಪನವರು ಕನ್ನಡಕ ಏರಿಸಿದರು. "ಊರೇನೋ ಛಂದ ಐತ್ರಿ. ಈಕಿ ಯಾವೂರಾಕಿ?"

ವೆಂಕಟಾಚಲಯ್ಯನವರು ಬಾಯಿ ತೆರೆಯುವ ಮೊದಲೇ ಅಜಯ್‌ಭಾಯಿ ಎದ್ದು ನಿಂತ. ಅವನ ಕಣ್ಣು ತುಂಬಿತ್ತು.

"ಅಪ್ನೇ ಹಾಲ್ ಮೇಂ ಹಮಾರೀ ಗುಜರಾತೀ ಬೆನ್ ಕೋ ಜಗಹ್ ದೀ! ಸಾಹೇಬ್, ಐಸಾ ಕೌನ್ ಕರ್ತಾ ಹೈ?" ತಮ್ಮ ಭವನದಲ್ಲಿ ನಮ್ಮ ಗುಜರಾತಿ ತಂಗಿಗೆ ಜಾಗ ಕೊಟ್ಟರಲ್ಲ, ಹೀಗೆ ಯಾರು ಮಾಡುತ್ತಾರೆ ಎಂದು, ಅತಿಥಿಯೆಂದು ತನಗೆ ಹಾಕಿದ್ದ ಹಾರವನ್ನು ತೆಗೆದು ವೆಂಕಟಾಚಲಯ್ಯನವರ ಕೊರಳಿಗೆ ಹಾಕಿದ.

ಹೇಮಲತಾ ಮೆಲ್ಲಗೆ ಪಿಸುಗುಟ್ಟಿದರು: "ಏನೂ ಹೇಳ್ಬೇಡಿ ರೀ. ಕೈ ಮುಗೀರಿ."

ಅವರು ಮುಗಿದರು.