ಕಾಶಿಯಲ್ಲಿ ಬಿಟ್ಟುಬಂದ ಮಾತ್ರೆ

ನಿನ್ನೆ ಬೆಳಗಿನಿಂದ ಮಾಡಿದ ಕೆಲಸಗಳು: ಹಾಲು ಕಾಯಿಸಿದೆ, ಡಿಕಾಕ್ಷನ್ ಇಳಿಸಿದೆ, ಅತ್ತೆಯವರ ತಲೆ ಬಾಚಿದೆ, ದೋಸೆಗೆ ನೆನೆಹಾಕಿದೆ, ಗಾಂಧಿಬಜಾರಿಗೆ ಹೋಗಿ ಸೊಪ್ಪು, ಹೂವು ತಂದೆ, ಗ್ಯಾಸ್ ಬುಕ್ ಮಾಡಿದೆ, ಯಜಮಾನರ ಅಂಗಿಗೆ ಗುಂಡಿ ಹೊಲಿದೆ. ಇವುಗಳಲ್ಲಿ ಯಾವುದನ್ನು ಮಾಡುವಾಗಲೂ ನಾನು ಅಳಲಿಲ್ಲ. ಅದೇನು ಮಹಾ ಎನ್ನಬೇಡಿ. ಹೋದ ತಿಂಗಳು ಹಾಲಿನ ಪ್ಯಾಕೆಟ್ಟಿನ ಮೂಲೆ ಕತ್ತರಿಸುವಾಗಲೂ, ಪಾಪ, ಅದಕ್ಕೆ ನೋಯುತ್ತದೇನೋ ಎಂದು ಗಳಗಳನೆ ಅತ್ತವಳು ನಾನು.

ಅಮ್ಮ ತೀರಿಕೊಂಡ ಮೇಲೆ ನನಗೆ ಮಂಕು ಕವಿದು, ಚಾಮರಾಜಪೇಟೆಯ ಡಾಕ್ಟರು ಖಿನ್ನತೆಗೆಂದು ದಿನಕ್ಕೊಂದು ಮಾತ್ರೆ ಬರೆದುಕೊಟ್ಟಿದ್ದರು. ಗುಣವೂ ಕಂಡಿತ್ತು. ಅಷ್ಟರಲ್ಲಿ ನಮ್ಮ ಭಜನೆ ಮಂಡಳಿಯವರು ಕಾಶಿಗೆ ಹೊರಟರು. ನಾನೂ ಯಜಮಾನರೂ ಸೇರಿಕೊಂಡೆವು. ಕಾಶಿಗೆ ಹೋದವರು ಅಲ್ಲಿ ಏನಾದರೊಂದನ್ನು ಬಿಟ್ಟು ಬರಬೇಕಲ್ಲ, ಮತ್ತೆ ಜನ್ಮದಲ್ಲಿ ಅದನ್ನು ಮುಟ್ಟುವಂತಿಲ್ಲ. ಒಬ್ಬರು ಸೋರೆಕಾಯಿ, ಒಬ್ಬರು ಸೀಬೆಹಣ್ಣು ಎಂದು ಬಿಡುತ್ತ ಬಂದರು. ಯಜಮಾನರು ಹಾಗಲಕಾಯಿ ಬಿಟ್ಟರು. ಅದನ್ನವರು ತಿಂದದ್ದು ಯಾವಾಗ ಎಂದು ನಾನು ಕೇಳಲಿಲ್ಲ. ನನ್ನ ಸರದಿ ಬಂದಾಗ ಗಂಗೆಯಲ್ಲಿ ಮುಳುಗೆದ್ದ ಹುರುಪು. ಚೆನ್ನಾಗಿಯೇ ಇದ್ದೇನಲ್ಲ, ಇನ್ನೇಕೆ ಎಂದು ಮನಸ್ಸಿನಲ್ಲೇ ಮಾತ್ರೆ ಬಿಟ್ಟುಬಿಟ್ಟೆ. ಮಿಕ್ಕ ಮಾತ್ರೆಗಳನ್ನು ಗಂಗೆಗೆ ಹಾಕಲಿಲ್ಲ. ಅಲ್ಲಿನ ಮೀನುಗಳು ನೆಮ್ಮದಿಯಾಗಿಯೇ ಕಂಡವು.

ವಾಪಸು ಬರುವಾಗ ರೈಲಿನಲ್ಲಿ ತಲೆ ತಿರುಗಿತು. ರೈಲಿನ ತಪ್ಪೆಂದುಕೊಂಡೆ. ಆದರೆ ಮನೆಗೆ ಬಂದ ಮೇಲೂ ಅಡಿಗೆಮನೆ ಜೋಲಾರಪೇಟೆ ದಾಟುತ್ತಿರುವ ರೈಲಿನ ಹಾಗೆ ಅಲ್ಲಾಡುತ್ತಲೇ ಇತ್ತು. ಕತ್ತು ಹೊರಳಿಸಿದರೆ ತಲೆಯೊಳಗೆ ಕೆಟ್ಟ ಟ್ಯೂಬ್‌ಲೈಟು ಹೊತ್ತಿಕೊಳ್ಳಲು ಹೆಣಗಿದಂತೆ ಚುಳ್ ಚುಳ್ ಎನ್ನುವುದು. ಹೂವಿನವಳು "ಯಾಕಕ್ಕಾ ಸಣ್ಣಗಾಗ್ಬಿಟ್ರಿ?" ಎಂದರೆ ಅಳು; ಯಜಮಾನರು "ಸಾರಿಗೆ ಉಪ್ಪು ಸರಿಯಾಗಿದೆ" ಎಂದರೆ ಸಿಟ್ಟು. ಕೊನೆಗೆ ಅವರೇ ನನ್ನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದರು.

"ಮಾತ್ರೆ ನಿಲ್ಲಿಸಿದ್ರಾ?"

"ಕಾಶೀಲಿ ಬಿಟ್ಟೆ ಡಾಕ್ಟ್ರೇ."

ಡಾಕ್ಟರು ಕನ್ನಡಕ ತೆಗೆದರು. "ಕಾಶೀಲಿ ತರಕಾರಿ ಬಿಡೋದು ಕೇಳಿದೀನಮ್ಮಾ. ಇದನ್ನ ಹೀಗೆ ಒಂದೇ ಸಲಕ್ಕೆ ಬಿಡಬಾರ್ದು. ಮತ್ತೆ ಶುರು ಮಾಡಿ. ನಿಲ್ಲಿಸೋ ಕಾಲ ಬಂದಾಗ ಸ್ವಲ್ಪ ಸ್ವಲ್ಪವಾಗಿ ನಾನೇ ಇಳಿಸ್ತೀನಿ."

ಅವರಿಗೇನು, ಹೇಳಿದರು. ವಿಶ್ವನಾಥನ ಸನ್ನಿಧಿಯಲ್ಲಿ ಬಿಟ್ಟದ್ದನ್ನು ಮತ್ತೆ ಬಾಯಿಗೆ ಹಾಕಿಕೊಳ್ಳುವುದು ಹೇಗೆ? ಮನೆಯವರಿಗೆ ಏನಾದರೂ ಕೇಡಾದರೆ? ಮಾತ್ರೆಯನ್ನು ಅಂಗೈಯಲ್ಲಿಟ್ಟುಕೊಂಡು ನಡುಮನೆಯಲ್ಲಿ ಕೂತೆ. ನುಂಗದಿದ್ದರೆ ತಲೆ ಹೋಗುತ್ತದೆ, ನುಂಗಿದರೆ ಪುಣ್ಯ ಹೋಗುತ್ತದೆ.

ಅತ್ತೆಯವರ ಮುಂದೆ ಇದನ್ನೇ ತೋಡಿಕೊಂಡೆ. ಅವರು ಅವರೆಕಾಯಿ ಬಿಡಿಸುತ್ತ ಎಲ್ಲವನ್ನೂ ಕೇಳಿಸಿಕೊಂಡರು.

"ಅಲ್ಲ ಕಣೇ, ಕಾಶೀಲಿ ಎಂಥದ್ದನ್ನ ಬಿಡ್ಬೇಕು?"

"ಇಷ್ಟವಾದದ್ದನ್ನ."

"ಈ ಮಾತ್ರೆ ಅಂದ್ರೆ ನಿಂಗಿಷ್ಟಾನಾ?"

"ಬರೀ ಕಹಿ, ಅತ್ತೆ. ನುಂಗೋದೇ ಕಷ್ಟ."

"ಹಾಗಾದ್ರೆ ನೀನು ಬಿಟ್ಟಿದ್ದು ಲೆಕ್ಕಕ್ಕೇ ಬರಲ್ಲ. ನುಂಗಿ ನೀರು ಕುಡಿ. ನಿಜವಾಗ್ಲೂ ಇಷ್ಟವಾದದ್ದು ಇನ್ನೇನಾದ್ರೂ ಬಿಡು."

ಪೇಪರಿನ ಹಿಂದಿನಿಂದ ಯಜಮಾನರು, "ನನ್ನನ್ನ ಬಿಟ್ಬಿಡ್ಬೇಡ ಮಾರಾಯ್ತಿ" ಎಂದರು.

"ಇಷ್ಟವಾದದ್ದು ಅಂದ್ರು ರೀ. ನೀವ್ಯಾಕೆ ಹೆದರ್ಕೋತೀರಾ?"

ಕಾಶಿಯಿಂದ ಬಂದ ಮೇಲೆ ನಾನು ನಕ್ಕದ್ದು ಅದೇ ಮೊದಲು. ನಕ್ಕ ರಭಸಕ್ಕೆ ಮಾತ್ರೆ ತಾನಾಗಿಯೇ ಒಳಗೆ ಹೋಯಿತು.

ಈಗ ಅಡಿಗೆಮನೆ ನಿಂತಲ್ಲೇ ನಿಂತಿದೆ. ತಲೆಯೊಳಗಿನ ಟ್ಯೂಬ್‌ಲೈಟೂ ಸುಮ್ಮನಾಗಿದೆ. ಏನು ಬಿಡುವುದೆಂಬುದೊಂದು ಬಾಕಿ. ಬದನೆಕಾಯಿ ಬಿಡೋಣವೆಂದು ನಿನ್ನೆ ಸಂಜೆ ಗಟ್ಟಿ ಮನಸ್ಸು ಮಾಡಿದೆ. ಬಿಡುವ ಮುಂಚೆ ಕೊನೆಯ ಸಲ ಎಂದು ಎಣ್ಣೆಗಾಯಿ ಮಾಡಿದೆ. ಉಂಡ ಮೇಲೆ ಆ ಗಟ್ಟಿ ಮನಸ್ಸು ಮೆತ್ತಗಾಯಿತು. ಎಣ್ಣೆಗಾಯಿ, ಅನ್ನ, ಮಜ್ಜಿಗೆ, ಕರಿದ ಹಪ್ಪಳದ ಊಟ. ಆಮೇಲೆ ಮಾತ್ರೆ. ಎಲ್ಲರಿಗಿಂತ ಮೊದಲು ಮಲಗಿ ನಿದ್ದೆ ಹೋದವಳು ನಾನೇ. ನನಗೆ ಈ ನಿದ್ದೆ ಎಷ್ಟು ಇಷ್ಟವೆಂದು ಅತ್ತೆಯವರಿಗೆ ಮಾತ್ರ ಹೇಳಬೇಡಿ.