ಇನ್ನೂ ಒಂದು ಸುತ್ತು ಬಿಗಿ

ಬೀಗ ಹಾಕಿದ ಮೇಲೆ ಅದನ್ನೊಮ್ಮೆ ಎಳೆದು ನೋಡದವನು ಬ್ಯಾಂಕಿನ ಕೆಲಸಕ್ಕೆ ನಾಲಾಯಕ್ಕು. ನಾನು ಹಾಕಿದ ಬೀಗವನ್ನು ಮ್ಯಾನೇಜರು ಎಳೆಯುತ್ತಾರೆ, ಮ್ಯಾನೇಜರು ಹಾಕಿದ್ದನ್ನು ನಾನು ಎಳೆಯುತ್ತೇನೆ. ಯಾರಿಗೂ ಬೇಜಾರಿಲ್ಲ. ಧಾರವಾಡದಿಂದ ಅಹಮದಾಬಾದಿಗೆ ವರ್ಗವಾದಾಗ ಈ ಸದ್ಗುಣವನ್ನೂ ಸಾಮಾನಿನ ಜೊತೆ ತಂದಿದ್ದೆ.

ಆಗಿನ್ನೂ ತೊಂಬತ್ತರ ದಶಕ. ಸ್ಯಾಟಲೈಟ್ ಬಡಾವಣೆಯ ನಮ್ಮ ಹೌಸಿಂಗ್ ಸೊಸೈಟಿಯಲ್ಲಿ ಎಲ್ಲರದೂ ಸ್ಕೂಟರು, ನನ್ನದು ಮಾತ್ರ ಸೆಕೆಂಡ್‌ಹ್ಯಾಂಡ್ ಕಾರು. ಭಾನುವಾರ ವಡೋದರೆಯ ಗೋರ್ವಾದಲ್ಲಿ ನನ್ನ ಹೆಂಡತಿ ಶಾಂತಾಳ ತಂಗಿ ಮಾಲಾಳ ಸೀಮಂತ. ತಾಯಿಯಿಲ್ಲದ ಹುಡುಗಿ, ಮೊದಲ ಹಸಿರು ಬಳೆ ಅಕ್ಕನೇ ತೊಡಿಸಬೇಕು. ಕಾರು ನೋಡಿದರೆ ಟ್ರ್ಯಾಕ್ಟರಿನಂತೆ ಸದ್ದು ಮಾಡುತ್ತಿತ್ತು!

ಶನಿವಾರ ಮೆಕ್ಯಾನಿಕ್ ಮನುಭಾಯ್ ಬಂದ. ಎಂಜಿನ್ನಿಗೂ ಹೊಗೆ ಕೊಳವೆಗೂ ನಡುವಿನ ಪ್ಯಾಕಿಂಗ್ ಹೋಗಿದೆ ಎಂದ. ನಾನು ಕುರ್ಚಿ ಹಾಕಿಕೊಂಡು ಅವನ ಕೈಯನ್ನೇ ನೋಡುತ್ತ ಕುಳಿತೆ. ಇವನು ಸಿಳ್ಳೆ ಯಾಕೆ ಹಾಕುತ್ತಾನೆ? ನನ್ನ ಗಮನ ಬೇರೆ ಕಡೆ ಸೆಳೆಯಲೆಂದೇ? ಅವನು ಹೊಸ ಪ್ಯಾಕಿಂಗ್ ಕೂರಿಸಿ, ಎಂಜಿನ್ನಿಗೆ ನೆಟ್ಟ ಸ್ಟಡ್ಡುಗಳೆಂಬ ತಲೆಯಿಲ್ಲದ ಬೋಲ್ಟುಗಳ ಮೇಲೆ ನಟ್ಟು ಬಿಗಿದು, ಚಹಾ ಕುಡಿದು ಹೋದ. ಸದ್ದು ನಿಂತಿತ್ತು. ನನಗೆ ಅನುಮಾನ ಶುರುವಾಗಿದ್ದೇ ಆಗ. ಇಷ್ಟು ಬೇಗ ರಿಪೇರಿಯಾಗುವ ಕಾರು ನನ್ನದಲ್ಲ!

ನಟ್ಟುಗಳನ್ನು ಬೇಕೆಂದೇ ಸಡಿಲ ಬಿಟ್ಟಿದ್ದಾನೆ, ಮತ್ತೆ ಕರೆಯಲಿ ಅಂತ. ಇದು ನನ್ನ ತೀರ್ಮಾನ. ಸ್ಪ್ಯಾನರ್ ಹಿಡಿದು ಇಳಿದೆ.

“ಅಂವ ಬಿಗದ ಹೋಗ್ಯಾನಲ್ರೀ, ಮತ್ತ ನೀವ್ಯಾಕ ಮುಟ್ತೀರಿ?” ಶಾಂತಾ ಬಾಲ್ಕನಿಯಿಂದ ಕೂಗಿದಳು.

“ಸುಮ್ನ ಒಮ್ಮೆ ನೋಡ್ತೀನಿ!”

ನಟ್ಟು ಅಲುಗಲಿಲ್ಲ. ಅಲುಗದಿದ್ದರೆ ಬಿಗಿಯಾಗಿದೆ ಎಂದು ತಿಳಿಯುವುದು ಸಾಮಾನ್ಯರ ಬುದ್ಧಿ. ನಾನು ಸ್ಪ್ಯಾನರಿನ ಹಿಡಿಗೆ ಒಂದು ಪೈಪು ಸಿಕ್ಕಿಸಿ, ಇನ್ನೂ ಒಂದು ಸುತ್ತು ಬಿಗಿಯಲು ಮೈಭಾರ ಹಾಕಿದೆ.

ಟಕ್!

ನಟ್ಟಿನ ಸಮೇತ ಅರ್ಧ ಸ್ಟಡ್ಡು ನನ್ನ ಕೈಗೆ ಬಂತು. ಉಳಿದರ್ಧ ಎಂಜಿನ್ನಿನೊಳಗೇ ಉಳಿಯಿತು. ಕೂಡಲೇ ಹೊಳೆಯಿತು: ಕಳ್ಳ, ಮುರುಕು ಸ್ಟಡ್ಡು ಹಾಕಿದ್ದಾನೆ!

“ಶು ಥಯು, ಸಾಹೇಬ್?” ಏನಾಯಿತೆಂದು ಪಕ್ಕದ ಮನೆಯ ಜಯಂತಿಭಾಯ್ ಬಂದರು. ಒಳಗಿನ ತುಂಡು ತೆಗೆಯಲು ತಮ್ಮ ಡ್ರಿಲ್ ಮಷಿನ್ನನ್ನೂ ಕೊಟ್ಟರು. ಗೋಡೆಗೆ ದೇವರ ಫೋಟೋ ಹಾಕಿದ ಅನುಭವ ನನಗಿತ್ತು. ಧೈರ್ಯವಾಗಿ ಒತ್ತಿದೆ. ಸ್ಟಡ್ಡು ಗಟ್ಟಿ, ಸುತ್ತಲಿನ ಅಲ್ಯುಮಿನಿಯಂ ಮೆತ್ತಗೆ. ಡ್ರಿಲ್ಲು ಮೆತ್ತಗಿದ್ದ ಕಡೆ ಜಾರಿತು. ಸ್ಟಡ್ಡು ಕೂರುವ ತೂತಿನ ಥ್ರೆಡ್ಡೆಲ್ಲ ಪುಡಿಯಾಗಿ ನನ್ನ ಚಪ್ಪಲಿಯ ಮೇಲೆ ಬಿತ್ತು.

ಭಾನುವಾರ ಬೆಳಿಗ್ಗೆ ಮತ್ತೆ ಕರೆಸಿದಾಗ ಮನುಭಾಯ್ ಬಂದು ಬಗ್ಗಿ ನೋಡಿದ. “ಸಾಹೇಬ್, ಕಿಸೀ ನೇ ಹಾಥ್ ಲಗಾಯಾ?”

ಯಾರಾದರೂ ಮುಟ್ಟಿದರೇ ಎಂದು ಕೇಳುತ್ತಿದ್ದ. ನಾನು ಜಯಂತಿಭಾಯ್ ಕಡೆ ನೋಡಿದೆ. ಅವರು ಆಕಾಶ ನೋಡಿದರು. ಶಾಂತಾ ನನ್ನ ಕಡೆ ಬೆರಳು ತೋರಿಸಿದಳು.

ಎಂಜಿನ್ನಿನ ಹೆಡ್ಡು ಬಿಚ್ಚಿ ಲೇತ್ ಯಂತ್ರದ ಅಂಗಡಿಗೆ ಒಯ್ಯಬೇಕು, ಇವತ್ತು ಅಂಗಡಿ ಬಂದ್ ಎಂದ ಮನುಭಾಯ್. ನಾವು ಬಸ್ಸು ಹಿಡಿದೆವು. ಶಾಂತಾ ಬಳೆಯ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ದಾರಿಯುದ್ದಕ್ಕೂ ಕಿಟಕಿಯ ಹೊರಗೇ ನೋಡಿದಳು. ಅವಳು ಬೈದಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ಗೋರ್ವಾ ಮುಟ್ಟಿದಾಗ ಮುಹೂರ್ತ ಮೀರಿತ್ತು. ಮಾಲಾ ಮಾತ್ರ ಬರಿಗೈಯಲ್ಲೇ ಹಸೆಯ ಮೇಲೆ ಕುಳಿತಿದ್ದಳು. ಅಕ್ಕ ಬರುವ ತನಕ ಯಾರೂ ಬಳೆ ತೊಡಿಸಬಾರದೆಂದು ಹಟ ಹಿಡಿದಿದ್ದಳಂತೆ. ಹಸಿದ ನೆಂಟರೆಲ್ಲ ನನ್ನನ್ನೇ ದುರುಗುಟ್ಟಿ ನೋಡಿದರು.

“ಅಕ್ಕಾ, ಕಾರಿನಾಗ ಬರ್ತೀನಿ ಅಂದಿದ್ಯಲ್ಲ?”

ಶಾಂತಾ ಕಣ್ಣೊರೆಸಿಕೊಂಡು ಮೊದಲ ಬಳೆ ತೊಡಿಸಿದಳು. “ಕಾರು ಛಲೋ ಐತವ್ವಾ. ನಿಮ್ಮ ಭಾವಾರಿಗೇ ಅದರ ಮ್ಯಾಲ ಸಂಶೆ.”

ಆ ವಾರ ಮನುಭಾಯ್ ಹೊಸ ಥ್ರೆಡ್ಡು ಕೊರೆಸಿ, ಹೊಸ ಸ್ಟಡ್ಡು ಹಾಕಿ, ಬಿಗಿದ. ಆಮೇಲೆ ನನ್ನ ಸ್ಪ್ಯಾನರುಗಳನ್ನೆಲ್ಲ ಒಟ್ಟುಮಾಡಿ ಶಾಂತಾಳ ಕೈಗಿಟ್ಟ. ಅವಳು ಅವನ್ನು ಹಜಾರದ ಕಪಾಟಿನೊಳಗಿಟ್ಟು ಬೀಗ ಹಾಕಿದಳು.

ಮನುಭಾಯ್ ನನ್ನನ್ನು ಒಮ್ಮೆ ನೋಡಿದ. ನಂತರ ಕಪಾಟಿನ ಹತ್ತಿರ ಹೋಗಿ, ಬೀಗವನ್ನು ಎಳೆದು ನೋಡಿದ!