ಬೇವಿನ ಟೊಂಗೆಯೂ ಹದಿನಾರು ಇಂಚಿನ ಗರಗಸವೂ

ಕಮಲಾಪುರದಲ್ಲಿರುವ ನನ್ನ ಅತ್ತೆಯ ಮನೆಯ ಅಂಗಳದಲ್ಲಿ ಒಂದು ಬೇವಿನ ಮರ ಇದೆ. ಅದರ ಒಂದು ಟೊಂಗೆ ಪಕ್ಕದ ಮನೆಯ ತಗಡಿನ ಮೇಲೆ ಬಾಗಿ, ಗಾಳಿ ಬಿಟ್ಟಾಗಲೆಲ್ಲ ಕರಕರ ಎಂದು ಉಜ್ಜುತ್ತಿತ್ತು. ಯುಗಾದಿಗೆ ಹೋದಾಗ ಅತ್ತೆ ನೀಲಮ್ಮ ಹೋಳಿಗೆ ಬಡಿಸುತ್ತ, "ಆ ಟೊಂಗಿ ಒಂದು ಕಡಸಬೇಕ್ರೀ. ಯಾರನ್ನರ ಕರಸ್ತೀನಿ" ಎಂದರು. ಮಾತು ಅಲ್ಲಿಗೇ ಮುಗಿಯಬೇಕಿತ್ತು. ನಾನು ಹೋಳಿಗೆಯನ್ನು ತಟ್ಟೆಯಲ್ಲಿಟ್ಟು, "ಯಾರನ್ನೂ ಕರಸಬ್ಯಾಡ್ರಿ ಅತ್ತಿ. ನಾ ಇದ್ದೀನಲ್ಲ" ಎಂದೆ.

ಹೆಂಡತಿ ಮಹಾದೇವಿ ತುಪ್ಪ ಹಾಕುವುದನ್ನು ನಿಲ್ಲಿಸಿ ನನ್ನನ್ನು ನೋಡಿದಳು.

ಹಾಗೆ ಹೇಳಲು ಕಾರಣವಿತ್ತು. ಮದುವೆಯಾಗಿ ಇಪ್ಪತ್ತೆರಡು ವರ್ಷವಾದರೂ ಆ ಮನೆಗೆ ನನ್ನಿಂದ ಕಡ್ಡಿಯಷ್ಟು ಉಪಯೋಗವಾಗಿರಲಿಲ್ಲ. ನನ್ನ ಷಡ್ಡಕ, ಎಂದರೆ ಹೆಂಡತಿಯ ಅಕ್ಕನ ಗಂಡ, ಬಂದಾಗಲೆಲ್ಲ ನಳ ರಿಪೇರಿ ಮಾಡುತ್ತಾನೆ, ಬೋರಿನ ಮೋಟಾರು ಬಿಚ್ಚಿ ಜೋಡಿಸುತ್ತಾನೆ. ನಾನು ಕಲಬುರಗಿಯ ಒಂದು ಸರ್ಕಾರಿ ಕಚೇರಿಯ ಗುಮಾಸ್ತ. 'ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ' ಎಂದು ಶುರುಮಾಡಿ ಎರಡು ಪುಟ ಬರೆಯಬಲ್ಲೆ. ಅತ್ತೆಯ ಮನೆಯಲ್ಲಿ ಅದು ಯಾರಿಗೂ ಬೇಕಾಗಿರಲಿಲ್ಲ.

ಎರಡು ತಿಂಗಳು ಮೊಬೈಲಿನಲ್ಲಿ ಮರ ಕಡಿಯುವ ವಿಡಿಯೋಗಳನ್ನು ನೋಡಿದೆ. ಯಾವುದೋ ದೇಶದ ದಾಂಡಿಗರು ಆಕಾಶದೆತ್ತರದ ಮರಗಳನ್ನು ಬೆಣ್ಣೆಯಂತೆ ಕತ್ತರಿಸುತ್ತಿದ್ದರು. ನನಗೆ ಬೇಕಾದದ್ದು ಒಂದು ಟೊಂಗೆ. ಲೆಕ್ಕಾಚಾರದ ಪ್ರಕಾರ ಹತ್ತು ನಿಮಿಷದ ಕೆಲಸ.

ಬೇಸಿಗೆ ರಜೆ ಮುಗಿಯುವ ಹೊತ್ತಿಗೆ ಬಜಾರಿನ ಒಂದು ಹಾರ್ಡ್‌ವೇರ್ ಅಂಗಡಿಗೆ ಹೋದೆ. ಗಲ್ಲಾಪೆಟ್ಟಿಗೆಯ ಮುಂದೆ ಬಿಳಿ ಗಡ್ಡದ ಹಿರಿಯರು ಕುಳಿತಿದ್ದರು. ಎಲ್ಲರೂ ಅವರನ್ನು ಚಾಚಾ ಎಂದು ಕರೆಯುತ್ತಿದ್ದರು.

"ಏನ್ ಕಡೀತೀರಿ ಸಾಬ್?"

"ಗಿಡ."

"ಪೂರಾ ಗಿಡ?"

"ಸದ್ಯಕ್ಕ ಒಂದು ಟೊಂಗಿ."

"ಎಷ್ಟ್ ದಪ್ಪ ಅದ?"

ನಾನು ತೊಡೆ ಮುಟ್ಟಿ ತೋರಿಸಿದೆ. ನಿಜ ಹೇಳಬೇಕೆಂದರೆ ಟೊಂಗೆ ಮೀನಖಂಡದ ದಪ್ಪವಿತ್ತು. ಅದನ್ನು ಒಪ್ಪಿಕೊಳ್ಳಲು ಮನಸ್ಸಾಗಲಿಲ್ಲ.

ಚಾಚಾ ಒಂದೊಂದೇ ತೆಗೆದು ತೋರಿಸಿದರು. ಉದ್ದ ಕೋಲಿನ ತುದಿಗೆ ಕಟ್ಟಿದ ಕೈಗರಗಸ: "ನೆಲದ ಮ್ಯಾಲ ನಿಂತು ಕೊಯ್ಯಬಹುದು." ದುಂಡು ಅಲಗಿನ ಮಷೀನು: "ಇದು ಹಲಗಿಗೆ, ಪ್ಲೈವುಡ್ಡಿಗೆ. ಗಿಡದ ಹತ್ರ ಒಯ್ಯಬಾರದು." ಬ್ಯಾಟರಿಯ ಮೇಲೆ ನಡೆಯುವ ಪುಟ್ಟ ಚೈನ್ ಗರಗಸ: "ಮನೀ ಕೆಲಸಕ್ಕ ಇದು ಬಸ್, ಇಷ್ಟ ಸಾಕು." ಅದು ಮಕ್ಕಳ ಆಟಿಕೆಯಂತೆ ಕಾಣಿಸಿತು. ನನ್ನ ಕಣ್ಣು ಮೇಲಿನ ಕಪಾಟಿನಲ್ಲಿ ಮೊಸಳೆಯಂತೆ ಮಲಗಿದ್ದ ಕಿತ್ತಳೆ ಬಣ್ಣದ ಯಂತ್ರದ ಮೇಲಿತ್ತು.

"ಅದು?"

"ಅದು ಹದಿನಾರು ಇಂಚು. ಕರೆಂಟಿಂದು. ನೆಲಕ್ಕ ಬಿದ್ದ ಗಿಡಾ ತುಂಡು ಮಾಡೋರು ಒಯ್ತಾರ. ಅದಕ್ಕ ಎರಡೂ ಕೈ ಬೇಕು, ಎರಡೂ ಕಾಲು ನೆಲದ ಮ್ಯಾಲ ಬೇಕು. ನಿಚ್ಚಣಕಿ ಮ್ಯಾಲ ನಿಂತು ಹಿಡೀಬಾರದು ಸಾಬ್. ಜರಾ ವಿಚಾರ ಮಾಡ್ರಿ."

"ಅದನ್ನೇ ಕೊಡ್ರಿ."

"ಗ್ಲೌಸು, ಚಷ್ಮಾ?"

ನಾನು ಜೇಬಿನಿಂದ ಪೇಪರ್ ಓದುವ ಕನ್ನಡಕ ತೆಗೆದು ತೋರಿಸಿದೆ. ಚಾಚಾ ನನ್ನ ಮುಖ ನೋಡಿ, "ಅಲ್ಲಾ ಖೈರ್ ಕರೇ, ದೇವರೇ ಕಾಯಬೇಕು" ಎಂದು ಪೆಟ್ಟಿಗೆ ಕಟ್ಟಿಸಿದರು. ಅದನ್ನು ನಾನು ಆಶೀರ್ವಾದ ಎಂದು ತಿಳಿದೆ.

ಕಲಬುರಗಿಯ ಖೂಬಾ ಪ್ಲಾಟ್ ಬಡಾವಣೆಯ ನಮ್ಮ ಮನೆಯಲ್ಲಿ ಪೆಟ್ಟಿಗೆ ಬಿಚ್ಚಿದಾಗ ಚೈನು ಬೇರೆ, ಅದು ಕೂರುವ ಕಬ್ಬಿಣದ ಪಟ್ಟಿ ಬೇರೆ ಇದ್ದವು. ಜೊತೆಗೊಂದು ಪುಸ್ತಕವೂ ಇತ್ತು. ದಿನವಿಡೀ ಕಚೇರಿಯಲ್ಲಿ ಕಾಗದ ಓದುವವನು ಮನೆಯಲ್ಲೂ ಓದಬೇಕೆ ಎಂದು ಅದನ್ನು ಬದಿಗಿಟ್ಟೆ. ಒಂದು ಗಂಟೆ ತಿಣುಕಿ ಜೋಡಿಸಿದೆ. ಪರೀಕ್ಷೆಗೆಂದು ಅಟ್ಟದಿಂದ ಹಳೆಯ ಮಣೆಯೊಂದನ್ನು ಇಳಿಸಿ, ಪ್ಲಾಸ್ಟಿಕ್ ಸ್ಟೂಲಿನ ಮೇಲಿಟ್ಟು, ಗುಂಡಿ ಒತ್ತಿದೆ. ಭಯಂಕರ ಸದ್ದು ಬಂತು. ಹೊಗೆಯೂ ಬಂತು. ಮಣೆಗೆ ಮಾತ್ರ ಏನೂ ಆಗಲಿಲ್ಲ.

"ಯಂತ್ರ ದೋಷಪೂರಿತವಾಗಿದೆ" ಎಂದು ತೀರ್ಮಾನಿಸಿ ಮತ್ತೆ ಅಂಗಡಿಗೆ ಹೊತ್ತೆ. ಚಾಚಾ ನೋಡಿದರು. ಚೈನು ಬಿಚ್ಚಿ, ತಿರುಗಿಸಿ ಹಾಕಿದರು.

"ಹಲ್ಲು ಉಲ್ಟಾ ಇದ್ವು ಸಾಬ್. ಎಣ್ಣೀನೂ ಹಾಕಿಲ್ಲ."

ಮನೆಗೆ ಬಂದು ಮತ್ತೆ ಗುಂಡಿ ಒತ್ತಿದೆ. ಈ ಸಲ ಮಣೆ ಎರಡಾಯಿತು. ಅದೇ ಉಸಿರಿಗೆ ಸ್ಟೂಲೂ ಎರಡಾಯಿತು. ಸದ್ದಿಗೆ ಓಡಿ ಬಂದ ಮಹಾದೇವಿ ತುಂಡುಗಳನ್ನು ಎತ್ತಿ ನೋಡಿದಳು.

"ಇದು ನಮ್ಮ ಲಗ್ನದಾಗ ನಾವಿಬ್ಬರೂ ಕುಂತ ಮಣಿ" ಎಂದಳು.

ನನಗೆ ಗೊತ್ತಿರಲಿಲ್ಲ. ಗೊತ್ತಿರಲಿಲ್ಲ ಎಂದು ಹೇಳಿದ್ದು ಇನ್ನೂ ದೊಡ್ಡ ತಪ್ಪಾಯಿತು.

ಭಾನುವಾರ ಬೆಳಿಗ್ಗೆ ಕಮಲಾಪುರಕ್ಕೆ ಹೋದೆವು. ಅತ್ತೆ ಪದ್ಧತಿಯಂತೆ ಕಾಲಿಗೆ ನೀರು ಕೊಟ್ಟು, ಹೆಗಲಿಗೆ ಹೊಸ ಶಲ್ಯ ಹೊದಿಸಿದರು. ನಾನು ಅಂಗಿ ಕಳಚಿ, ಬನಿಯನ್ನು ಮತ್ತು ಲುಂಗಿಯ ಮೇಲೆ ಆ ಶಲ್ಯವನ್ನು ಕೊರಳಿಗೆ ಸುತ್ತಿಕೊಂಡು ಅಂಗಳಕ್ಕಿಳಿದೆ. ಬಿಸಿಲು ಹಾಗಿತ್ತು. ಜೊತೆಗೆ, ಸನ್ಮಾನದ ಶಲ್ಯ ಬಿಚ್ಚಿಡುವುದು ಸರಿಯಲ್ಲ ಎನಿಸಿತು.

ಪಕ್ಕದ ಮನೆಯ ಮೆಹಬೂಬಸಾಬರು ದರ್ಜಿ. ಮರುದಿನ ಶಾಲೆ ಶುರುವಾಗುವುದಿತ್ತು. ಊರಿನ ಮಕ್ಕಳ ಸಮವಸ್ತ್ರದ ರಾಶಿಯ ನಡುವೆ ಕುಳಿತು ಕರೆಂಟಿನ ಮಷೀನಿನ ಮೇಲೆ ಹೊಲಿಯುತ್ತಿದ್ದರು. ಕಿಟಕಿಯಿಂದ ನೋಡಿ ಕೇಳಿದರು:

"ಅಳಿಯಾರ, ಟೊಂಗಿ ಕೆಳಗ ನಮ್ಮ ವೈರ್ ಹಾದದ ನೋಡ್ರಿ. ಲೈನ್‌ಮನ್‌ಗ ಹೇಳಿ ಲೈನ್ ಬಂದ್ ಮಾಡಸೋಣೇನು?"

"ಹತ್ತ ನಿಮಿಷದ ಕೆಲಸ ಸಾಹೇಬ್ರ. ನಿಮ್ಮ ಹೊಲಗಿ ಯಾಕ ನಿಂದರಬೇಕು?" ಎಂದೆ. ಪರೋಪಕಾರದ ಮಾತು.

ಗರಗಸದ ವೈರು ಅಡುಗೆಮನೆಯ ಪ್ಲಗ್ಗಿನಿಂದ ಮರದವರೆಗೆ ಮುಟ್ಟಲಿಲ್ಲ. ಅತ್ತೆಯ ಟೇಬಲ್ ಫ್ಯಾನಿಗೆ ಕಟ್ಟಿದ್ದ ತೆಳುವಾದ ವೈರನ್ನು ಬಿಚ್ಚಿ ಜೋಡಿಸಿದೆ. ಮಹಾದೇವಿ ಅಡುಗೆಮನೆಯ ಬಾಗಿಲಲ್ಲಿ ನಿಂತಳು.

"ನೀ ಇಲ್ಲಿ ಬಂದು ನಿಚ್ಚಣಕಿ ಹಿಡಿ" ಎಂದೆ.

"ಅದಕ್ಕ ಅವ್ವ ಬರ್ತಾಳ. ನಾ ಸ್ವಿಚ್ಚಿನ ಹತ್ರ ನಿಂದರ್ತೀನಿ."

ನನ್ನ ಮೇಲೆ ಇಷ್ಟೂ ನಂಬಿಕೆ ಇಲ್ಲವೇ ಎಂದು ಬೇಸರವಾಯಿತು.

ನಿಚ್ಚಣಿಕೆ ಟೊಂಗೆಯ ಕೆಳಗಿನವರೆಗೆ ಮಾತ್ರ ಮುಟ್ಟುತ್ತಿತ್ತು. ಮೇಲಿನಿಂದ ಕೊಯ್ಯಲು ಸಾಧ್ಯವಿರಲಿಲ್ಲ. ಸರಿ, ಕೆಳಗಿನಿಂದಲೇ ಕೊಯ್ಯುವುದೆಂದು ಯಂತ್ರವನ್ನು ತಲೆಯ ಮೇಲೆ ಎತ್ತಿ ಹಿಡಿದೆ. ಗುಂಡಿ ಒತ್ತಿದ ಕೂಡಲೇ ಮರದ ಪುಡಿ ಕಣ್ಣಿಗೆ, ಮೂಗಿಗೆ, ಬಾಯಿಗೆ ತುಂಬಿತು. ಬೇವು ಕಹಿ ಎಂಬುದು ಯುಗಾದಿಯಲ್ಲಿ ತಿಳಿದದ್ದಕ್ಕಿಂತ ಹೆಚ್ಚು ತಿಳಿಯಿತು. ಗರಗಸ ಅರ್ಧದವರೆಗೆ ಹೋಯಿತು. ಆಮೇಲೆ ಟೊಂಗೆ ತನ್ನದೇ ಭಾರಕ್ಕೆ ಕುಸಿದು, ಕೊಯ್ದ ಸೀಳು ಬಾಯಿ ಮುಚ್ಚಿಕೊಂಡು, ಪಟ್ಟಿಯನ್ನು ಗಟ್ಟಿಯಾಗಿ ಕಚ್ಚಿಕೊಂಡಿತು.

ಎಳೆದೆ. ಬರಲಿಲ್ಲ. ಗುಂಡಿ ಒತ್ತಿಕೊಂಡೇ ಎಳೆದೆ. ಚೈನು ಒಮ್ಮೆ ಘೀಳಿಟ್ಟು ಬಿಡಿಸಿಕೊಂಡು ತಿರುಗಿತು. ಆಗ ನನ್ನ ಕೊರಳಿನ ಶಲ್ಯದ ತುದಿ ಎಲ್ಲಿತ್ತೋ, ಹೇಗೆ ಹೋಯಿತೋ, ಚೈನಿನ ಹಲ್ಲಿಗೆ ಸಿಕ್ಕಿತು. ನನ್ನ ತಲೆ ಯಂತ್ರದ ಕಡೆಗೆ ಸರ್ರನೆ ಎಳೆದುಕೊಂಡು ಹೋಯಿತು.

ನಂತರ ಸದ್ದು ನಿಂತಿತು.

ಕಣ್ಣು ಬಿಟ್ಟಾಗ ನನ್ನ ಗಲ್ಲ ಯಂತ್ರದ ಹಿಡಿಕೆಗೆ ಒತ್ತಿತ್ತು. ಚೈನು ಗೇಣಿನ ಅಂತರದಲ್ಲಿತ್ತು. ಮಹಾದೇವಿ ಅಡುಗೆಮನೆಯಿಂದ ಹೊರಗೆ ಬಂದಳು. ಸ್ವಿಚ್ಚು ಆರಿಸಲು ಹೋದವಳು ಪ್ಲಗ್ಗನ್ನೇ ಕಿತ್ತಿದ್ದಳು. ಅದು ಇನ್ನೂ ಅವಳ ಕೈಯಲ್ಲಿತ್ತು. ಅತ್ತೆ ಎರಡೂ ಕೈಯಿಂದ ನಿಚ್ಚಣಿಕೆ ತಬ್ಬಿಕೊಂಡು ಏನೋ ಜಪಿಸುತ್ತಿದ್ದರು. ಕತ್ತರಿ ತಂದು ಶಲ್ಯ ಕತ್ತರಿಸಿ ನನ್ನನ್ನು ಇಳಿಸಿದರು. ಯಂತ್ರ ಮೇಲೆಯೇ ನೇತಾಡುತ್ತಿತ್ತು.

ಇಲ್ಲಿಗೆ ಸಾಕೆಂದು ಯಾವ ಮನುಷ್ಯನಾದರೂ ಹೇಳುತ್ತಿದ್ದ. ಮೆಹಬೂಬಸಾಬರು ಓಡಿ ಬಂದು ನೀರು ಕುಡಿಸಿ, "ಬಿಡ್ರಿ ಅಳಿಯಾರ, ಗಿಡಾ ಕಡಿಯೋ ಹಣಮಂತಪ್ಪಗ ಫೋನ್ ಮಾಡೀನಿ. ಅವ ಬಂದು ತೆಗೀತಾನ" ಎಂದರು. ಆದರೆ ಯಾರೋ ಬಂದು ನನ್ನ ಯಂತ್ರ ಇಳಿಸಿಕೊಡುವುದೆಂದರೆ ಏನು ಮರ್ಯಾದೆ? ಟೊಂಗೆ ಹಾಳಾಗಲಿ, ಯಂತ್ರವನ್ನಾದರೂ ನಾನೇ ಇಳಿಸುತ್ತೇನೆಂದು, ಸಾಹೇಬರು ಹೊಲಿಗೆಗೆ ಮರಳಿ, ಹೆಂಗಸರು ಒಳಗೆ ಹೋದ ಸಮಯ ನೋಡಿ, ಬಾವಿಯ ಹಗ್ಗದ ತುದಿಗೆ ಕುಣಿಕೆ ಮಾಡಿ ಯಂತ್ರದ ಹಿಡಿಕೆಗೆ ಎಸೆದೆ. ನಾಲ್ಕನೆಯ ಸಲ ಸಿಕ್ಕಿತು. ಬದುಕಿನಲ್ಲಿ ಮೊದಲ ಬಾರಿಗೆ ನನ್ನ ಗುರಿ ತಪ್ಪಿರಲಿಲ್ಲ. ದೂರ ನಿಂತು ಕಾಲು ಊರಿ, ಜೋರಾಗಿ ಜಗ್ಗಿದೆ.

ಅರ್ಧ ಕೊಯ್ದ ಟೊಂಗೆ ಲಟಲಟ ಎಂದು ಸಿಪ್ಪೆ ಸಮೇತ ಸೀಳಿತು. ಯಂತ್ರ ಬಂತು. ಜೊತೆಗೆ ಟೊಂಗೆಯೂ ಬಂತು. ಯಂತ್ರ ಕಲ್ಲಿನ ಮೇಲೆ ಬಿದ್ದು ಪಟ್ಟಿ ಬಿಲ್ಲಿನಂತೆ ಬಾಗಿತು. ಟೊಂಗೆಯ ಬುಡ ಅತ್ತೆ ಬಚ್ಚಲ ನೀರು ಹಾಯಿಸಿ ಬೆಳೆಸಿದ್ದ ಕೆಂಪು ಬಾಳೆಯ ಮೇಲೆ ಉರುಳಿ, ಬಲಿಯುತ್ತಿದ್ದ ಗೊನೆಯನ್ನು ಮುರಿಯಿತು. ತುದಿ ಮೆಹಬೂಬಸಾಬರ ಎರಡು ತಗಡುಗಳನ್ನು ಬಗ್ಗಿಸಿ, ವೈರನ್ನು ಕಿತ್ತುಕೊಂಡು ನೆಲ ಮುಟ್ಟಿತು. ಕಂಬದ ಮೇಲೆ ಒಂದು ಕಿಡಿ ಹಾರಿತು. ಇಡೀ ಓಣಿಯ ಫ್ಯಾನು ನಿಂತವು. ಹಿಟ್ಟಿನ ಗಿರಣಿ ನಿಂತಿತು. ಒಳಗೆ ಓಡುತ್ತಿದ್ದ ಹೊಲಿಗೆ ಮಷೀನೂ ನಿಂತಿತು.

ಓಣಿಯ ಜನ ಒಬ್ಬೊಬ್ಬರೇ ಹೊರಗೆ ಬಂದರು. ಯಾರೂ ಬೈಯಲಿಲ್ಲ. "ಯಾರಿವರು?" ಎಂದು ಒಬ್ಬಳು ಕೇಳಿದಳು. "ನೀಲಮ್ಮನ ಸಣ್ಣ ಅಳಿಯ" ಎಂದು ಇನ್ನೊಬ್ಬಳು ಹೇಳಿದಳು. "ಹೌದಾ, ಪಾಪ" ಎಂದಳು ಮೊದಲಿನವಳು. ಆ ಪಾಪ ನನಗೋ ಅತ್ತೆಗೋ ತಿಳಿಯಲಿಲ್ಲ.

ಹಣಮಂತಪ್ಪ ಬಂದ. ಅರವತ್ತು ದಾಟಿದ ಸಣಕಲು ಮನುಷ್ಯ. ಹೆಗಲ ಮೇಲೆ ಹಗ್ಗ, ಕೈಯಲ್ಲಿ ಒಂದು ಹಳೆಯ ಗರಗಸ. ಮೊದಲು ಲೈನ್‌ಮನ್‌ಗೆ ಹೇಳಿ, ಅವನು ಬಂದು ಲೈನು ಬಂದ್ ಆಗಿದೆಯೆಂದು ಹೇಳುವವರೆಗೆ ಟೊಂಗೆಯನ್ನು ಮುಟ್ಟಲೂ ಇಲ್ಲ. ಮರದ ಸುತ್ತ ಒಂದು ಸುತ್ತು ಹಾಕಿ, ತಲೆಯೆತ್ತಿ ನೋಡಿ, ಬೀಡಿ ಆರಿಸಿದ. ಉಳಿದ ಮೋಟು ಟೊಂಗೆಗೆ ಮೊದಲು ಹಗ್ಗ ಕಟ್ಟಿದ. ಕೆಳಗಿನಿಂದ ಒಂದಿಷ್ಟೇ ಗೀರು ಹಾಕಿ, ಆಮೇಲೆ ಮೇಲಿನಿಂದ ಕೊಯ್ದ. ಅದು ಕೂಸನ್ನು ತೊಟ್ಟಿಲಿನಿಂದ ಇಳಿಸಿದಂತೆ ಇಳಿಯಿತು.

"ನಾ ಏನರ ಮಾಡ್ಲೇನು?" ಎಂದು ನಡುವೆ ಕೇಳಿದೆ.

ಹಣಮಂತಪ್ಪ ಬಹಳ ಯೋಚಿಸಿದ. "ನೀವು ದೂರ ನಿಂತು, ಕೆಳಗ ಯಾರೂ ಬರಲಾರ್ದಂಗ ನೋಡ್ಕೋರಿ ಸಾಹೇಬ್ರ."

ನಾನು ಕೈ ಚಾಚಿ ರಸ್ತೆಯ ಮೇಲೆ ನಿಂತೆ. ಯಾರೂ ಬರಲಿಲ್ಲ. ಓಣಿಯ ಜನರೆಲ್ಲ ಆಗಲೇ ನನ್ನ ಹಿಂದೆ ನಿಂತು ನೋಡುತ್ತಿದ್ದರು.

ಕರೆಂಟು ಸಂಜೆಗೆ ಬರುವುದೆಂದು ಲೈನ್‌ಮನ್ ಹೇಳಿದ. ಮೆಹಬೂಬಸಾಬರು ಮೂಲೆಯಲ್ಲಿದ್ದ ಕಾಲಿನಿಂದ ತುಳಿಯುವ ಹಳೆಯ ಮಷೀನು ಒರೆಸಿ ಕುಳಿತರು. ಅವರಿಗೆ ಮೊಣಕಾಲು ನೋವು. ಪ್ರತಿ ಅಂಗಿಗೂ ಒಮ್ಮೆ ನಿಲ್ಲಿಸಿ ಮೊಣಕಾಲು ತಿಕ್ಕಿಕೊಳ್ಳುತ್ತಿದ್ದರು. ಒಂದು ಮಾತು ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ಮಹಾದೇವಿ ಮತ್ತು ಅತ್ತೆ ಅವರ ಮನೆಯಲ್ಲಿ ಕುಳಿತು ಗುಂಡಿ ಹಚ್ಚಿದರು. ನಾನು ಅಂಗಿ ಮಡಚುವ ಕೆಲಸ ಕೇಳಿ ಪಡೆದೆ. ಸ್ವಲ್ಪ ಹೊತ್ತಿನ ನಂತರ, ನಾನು ಮಡಚಿದ್ದನ್ನು ಅವರ ಹೆಂಡತಿ ಸದ್ದಿಲ್ಲದೆ ಬಿಚ್ಚಿ ಮತ್ತೆ ಮಡಚುತ್ತಿದ್ದುದು ಕಂಡಿತು.

ಸಂಜೆಯ ಬಸ್ಸು ಅರ್ಧ ದಾರಿ ಬಂದಿತ್ತು. ಮಹಾದೇವಿ ಕಿಟಕಿಯ ಹೊರಗೆ ನೋಡುತ್ತಲೇ ಕೇಳಿದಳು.

"ನಾ ಸ್ವಿಚ್ಚಿನ ಹತ್ರ ಇಲ್ಲದಿದ್ರ?"

ಎರಡು ಪುಟ ಬರೆಯಬಲ್ಲ ನನಗೆ ಎರಡು ಶಬ್ದ ಹೊಳೆಯಲಿಲ್ಲ. ಅವಳ ಕೈ ಹಿಡಿದೆ. ಬಿಡಿಸಿಕೊಳ್ಳಲಿಲ್ಲ. ಆದರೆ ಅವಳ ಬೆರಳು ಇನ್ನೂ ತಣ್ಣಗಿದ್ದವು.

ಒಂದು ತಿಂಗಳ ನಂತರ, ಮಳೆ ಶುರುವಾದ ಮೇಲೆ, ಅತ್ತೆಯ ಫೋನು ಬಂತು. ಅವರಿಗೆ ಕಿವಿ ಮಂದ. ಫೋನಿನಲ್ಲಿ ಪಿಸುಗುಟ್ಟಿದರೂ ಪಕ್ಕದ ಕೋಣೆಗೆ ಕೇಳುತ್ತದೆ.

"ಬಚ್ಚಲದ ಬಾಗಲಾ ನೀರು ಕುಡದು ಉಬ್ಬ್ಯಾದವ್ವ. ಹಾಕ್ಲಾಕ ಬರವಲ್ದು. ಜರಾ ಅಂಚು ಹೆರೀಬೇಕು."

"ಬಡಗ್ಯಾನ್ನ ಕರಸವ್ವ" ಎಂದಳು ಮಹಾದೇವಿ.

"ಕರಸ್ತೀನಿ. ಅಳಿಯಾರು ಅಲ್ಲೇ ಅದಾರೇನು?"

"ಪೇಪರ್ ಓದಾಕತ್ತಾರ."

"ಅವರಿಗೆ ಹೇಳಬ್ಯಾಡ."

ಮಹಾದೇವಿ ಬಾಗಿಲ ಕಡೆ ತಿರುಗಿ ನನ್ನನ್ನು ನೋಡಿದಳು. ನಾನು ಏನೂ ಕೇಳಿಸದವನಂತೆ ಪುಟ ತಿರುವಿ, ಪೇಟೆ ಧಾರಣೆಯನ್ನು ಗಂಭೀರವಾಗಿ ಓದತೊಡಗಿದೆ. ಇಪ್ಪತ್ತೆರಡು ವರ್ಷಗಳಲ್ಲಿ ಅತ್ತೆಯ ಮನೆಗೆ ನಾನು ಮಾಡಿದ ಮೊದಲ ಉಪಕಾರ ಅದು.